ರೋಗದ ಕಾಲಕ್ಕೆ ಮನೆಯೇ ಮೊದಲ ಮದ್ದು

(ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷಗಳ ಹಿಂದೆ ನಾವು ಈ ಸಂಘ ಕಟ್ಟಿದ್ದು ಬೀಜ, ಗೊಬ್ಬರ, ಬೆಳೆಸಾಲಕ್ಕಾಗಿ. ಇವತ್ತಿನ ಸಂತೋಷದ ದಿನ ನಾನು ಮನೆಯ ವಿಚಾರ ಎತ್ತುತ್ತಿದ್ದೇನೆ. ಯಾರೂ ಬೇಸರ ಮಾಡಿಕೊಳ್ಳಬಾರದು.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ಮನೆಯಲ್ಲೇ ಇರಿ, ದೂರ ದೂರ ಇರಿ ಅಂದರು. ಸರಿಯಾದ ಮಾತೇ. ಆದರೆ ನನ್ನ ತಮ್ಮನ ಮಗ ಆಗ ಮೈಸೂರಿನಲ್ಲಿ ಗಾರೆ ಕೆಲಸ ಮಾಡಿಕೊಂಡು ಒಂದೇ ಕೋಣೆಯಲ್ಲಿ ಇನ್ನೂ ನಾಲ್ಕು ಜನರ ಜೊತೆ ಇದ್ದ. ಇಡೀ ವಠಾರಕ್ಕೆ ಎರಡು ಕಕ್ಕಸು. ದೂರ ಎಲ್ಲಿ ಇರೋದು? ಕೆಲಸ ನಿಂತಿತು, ಬಾಡಿಗೆ ನಿಲ್ಲಲಿಲ್ಲ. ಕೂಲಿಕಾರರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದು, ಮನೆ ಖಾಲಿ ಮಾಡಿಸಬಾರದು ಎಂದು ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಆದೇಶ ಹೊರಡಿಸಿತು. ಅಷ್ಟರಲ್ಲಿ ಹುಡುಗ ಗಂಟು ಹೊತ್ತು ಊರಿಗೆ ನಡೆದು ಬಂದಾಗಿತ್ತು.

ಇಲ್ಲಾದರೂ ಏನಿತ್ತು? ಎರಡು ಅಂಕಣದ ಮನೆ, ಒಳಗೆ ಎಂಬತ್ತು ದಾಟಿದ ನಮ್ಮವ್ವ. ಹದಿನಾಲ್ಕು ದಿನ ಅವನನ್ನು ದನದ ಕೊಟ್ಟಿಗೆಯಲ್ಲಿ ಇರಿಸಿದೆವು. ಚಾಪೆ ಹಾಕಿಕೊಟ್ಟವನು ನಾನೇ. ರೋಗ ಇರಲಿಲ್ಲ, ನಮ್ಮ ಪುಣ್ಯ. ಆದರೆ ಆ ನಾಚಿಕೆ ನನಗಿನ್ನೂ ಹೋಗಿಲ್ಲ.

ಇದು ಹೊಸ ಪಾಠವಲ್ಲ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟಿತು. ಇಲಿ ಬಿತ್ತು ಅಂದ್ರೆ ಊರು ಬಿಡಬೇಕು ಎಂದು ಜನ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಪ್ಲೇಗು ಇಲಿಯ ಚಿಗಟದಿಂದ, ಕೊರೋನ ಉಸಿರಿನಿಂದ. ರೋಗ ಬೇರೆ, ಆದರೆ ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಮನೆ ಎರಡಕ್ಕೂ ಅನುಕೂಲ. ಮುಂಬಯಿಯಲ್ಲಿ 1898ರಲ್ಲೇ ಇಂಥ ಕೆಲಸಕ್ಕೆ ಟ್ರಸ್ಟ್ ಆಗಿತ್ತು. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಕಡೆ ಹೋದವರು ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿಗಳನ್ನು ನೋಡಿರುತ್ತೀರಿ. ಊರು ಶುಚಿಯಾಗಿರಲಿ ಎಂದು ಯೋಚಿಸಿ ಬಿಟ್ಟ ಜಾಗ ಅದು.

ಆದರೆ ಅಗಲವಾದ ಬೀದಿಯಲ್ಲಿ ನಿವೇಶನ ಕೊಂಡು ಮನೆ ಕಟ್ಟಲು ಕೈಯಲ್ಲಿ ಕಾಸು ಬೇಕು. ಕಾಸಿಲ್ಲದವನು ಹಳೇ ಇಕ್ಕಟ್ಟಿಗೇ ಹಿಂತಿರುಗಬೇಕು. ಅಂದಿಗೂ ಇಂದಿಗೂ ಇದೇ ತೊಡಕು. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ವಲಸೆ ಕಾರ್ಮಿಕರು ಮತ್ತು ನಗರದ ಬಡವರಿಗಾಗಿ ಕಡಿಮೆ ಬಾಡಿಗೆಯ ವಸತಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ರೋಗ ಬಂದ ಮೇಲೆ ಮನೆ ಕಟ್ಟಲು ಹೊರಡುವುದು, ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ಹಾಗಾದರೆ ನಾವೇನು ಮಾಡಬಹುದು? ಸಹಕಾರಕ್ಕೆ ಮನೆಯ ಕೆಲಸ ಹೊಸದಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ನಾಲ್ಕೇ ವರ್ಷಕ್ಕೆ, 1909ರಲ್ಲಿ, ಬೆಂಗಳೂರಿನಲ್ಲಿ ಗೃಹ ನಿರ್ಮಾಣಕ್ಕೂ ಸಹಕಾರ ಸಂಘ ಹುಟ್ಟಿತು.

ನಾವು ಬಡಾವಣೆ ಕಟ್ಟಲಾರೆವು. ನನ್ನ ಬಿನ್ನಹ ಎರಡೇ. ಒಂದು, ಇರುವ ಮನೆಗೆ ಒಂದು ಕೋಣೆ, ಒಂದು ಕಿಟಕಿ, ಒಂದು ಶೌಚಾಲಯ ಸೇರಿಸಿಕೊಳ್ಳಲು ಸದಸ್ಯರಿಗೆ ಕಡಿಮೆ ಬಡ್ಡಿಯ ಸಾಲ. ಎರಡು, ಸಾಂಕ್ರಾಮಿಕದ ಕಾಲದಲ್ಲಿ ಪಟ್ಟಣದಲ್ಲಿರುವ ನಮ್ಮ ಮಕ್ಕಳು ಬೀದಿಗೆ ಬೀಳದಂತೆ ಮೂರು ತಿಂಗಳ ಬಾಡಿಗೆ ಸಾಲ. ಇದಕ್ಕೆ ಲಾಭದಲ್ಲಿ ಒಂದು ಪಾಲು ಎತ್ತಿಡಬೇಕು. ಉಪವಿಧಿ ತಿದ್ದಬೇಕು. ಮಹಾಸಭೆ ಒಪ್ಪಬೇಕು, ಇಲಾಖೆಯಲ್ಲಿ ನೋಂದಣಿಯಾಗಬೇಕು. ಡಿವಿಡೆಂಡು ನಾಲ್ಕು ಕಾಸು ಕಡಿಮೆಯಾಗಬಹುದು ಅಂತ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಬರುವ ಮಹಾಸಭೆಯಲ್ಲಿ ಈ ವಿಷಯ ಮಂಡಿಸುತ್ತೇನೆ. ಆ ದಿನ ಕೈ ಎತ್ತುವ ಮುಂಚೆ ನಿಮ್ಮ ನಿಮ್ಮ ಮನೆಯನ್ನು ಒಮ್ಮೆ ನೋಡಿಕೊಂಡು ಬನ್ನಿ. ನಾಳೆ ರೋಗ ಬಂದರೆ ನಮ್ಮ ಮಕ್ಕಳಿಗೆ ಕೊಡಲು ಒಂದು ಕೋಣೆ ಇದೆಯೋ, ಕೊಟ್ಟಿಗೆಯೇ ಗತಿಯೋ?