ಗಾರ್ಡ್ ಆಗಿದ್ದ ಮೇಷ್ಟ್ರು: ವಿನ್ಸ್ ಲೊಂಬಾರ್ಡಿಯ ಎಂಟು ವರ್ಷಗಳು



ಆಟದ ಚರಿತ್ರೆಯನ್ನು ವಿದ್ವತ್ತಿನ ವಿಷಯವೆಂದು ಒಪ್ಪಿಕೊಂಡು ಅದಕ್ಕೊಂದು ದತ್ತಿ ಇಡುವವರು ನಮ್ಮಲ್ಲಿ ಅಪರೂಪ. ಈ ದತ್ತಿ ಯಾರ ಹೆಸರಿನಲ್ಲಿದೆಯೋ ಆ ಮೇಷ್ಟ್ರು ಹಗಲು ವಿಜ್ಞಾನದ ಪಾಠ ಹೇಳಿ, ಸಂಜೆ ಅದೇ ಹುಡುಗರನ್ನು ಮೈದಾನಕ್ಕಿಳಿಸುತ್ತಿದ್ದವರು ಎಂದು ಅವರ ಶಿಷ್ಯರು ಹೇಳುತ್ತಾರೆ. ನಾನು ಆರಿಸಿಕೊಂಡ ವಿಷಯ ಅಮೆರಿಕದ್ದು, ಆಟವೂ ಇಲ್ಲಿ ಯಾರೂ ಆಡದ ಅಮೆರಿಕನ್ ಫುಟ್‌ಬಾಲ್. ಆದರೂ ಇದು ಆ ಹಿರಿಯರ ವೇದಿಕೆಗೆ ಹೊರಗಿನದಲ್ಲ ಎಂಬ ಧೈರ್ಯದಿಂದ ಬಂದಿದ್ದೇನೆ.

ಎಲ್ಲರಿಗೂ ಗೊತ್ತಿರುವುದನ್ನು, ಗೊತ್ತಿಲ್ಲದವರು ಯಾವ ವಿಶ್ವಕೋಶದಲ್ಲಾದರೂ ನೋಡಬಹುದಾದದ್ದನ್ನು ಮೊದಲು ಮುಗಿಸಿಬಿಡುತ್ತೇನೆ. ವಿನ್ಸ್ ಲೊಂಬಾರ್ಡಿ ಹುಟ್ಟಿದ್ದು 1913ರ ಜೂನ್ 11ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಇಟಲಿಯಿಂದ ಬಂದವರ ಮನೆತನ, ಅಪ್ಪನದು ಮಾಂಸದ ವ್ಯಾಪಾರ. ಪಾದ್ರಿಯಾಗಬೇಕೆಂದು ಹದಿಹರೆಯದಲ್ಲಿ ಗುರುಮಠದ ಶಾಲೆ ಸೇರಿ, ಅರ್ಧಕ್ಕೆ ಬಿಟ್ಟು, 1933ರಲ್ಲಿ ಜೆಸ್ಯೂಟ್ ಪಾದ್ರಿಗಳ ಫೋರ್ಡಮ್ ವಿಶ್ವವಿದ್ಯಾಲಯಕ್ಕೆ ಬಂದ. 1937ರಲ್ಲಿ ಪದವಿ. ಆಮೇಲೆ ಹೈಸ್ಕೂಲು, ಮತ್ತೆ ಫೋರ್ಡಮ್, ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿ, ವೃತ್ತಿಪರ ತಂಡವಾದ ನ್ಯೂಯಾರ್ಕ್ ಜೈಂಟ್ಸ್. 1959ರಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ, ಗ್ರೀನ್ ಬೇ ಪ್ಯಾಕರ್ಸ್ ತಂಡದ ಮುಖ್ಯ ಕೋಚ್. ಹಿಂದಿನ ವರ್ಷ ಆ ತಂಡ 12 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಲೊಂಬಾರ್ಡಿಯ ಕೈಯಲ್ಲಿ ಅದು 1961ರಿಂದ 1967ರೊಳಗೆ ಐದು ಸಲ ಚಾಂಪಿಯನ್ ಆಯಿತು. ಮೊದಲ ಎರಡು ಸೂಪರ್ ಬೌಲ್‌ಗಳನ್ನೂ, ಅಂದರೆ ಹಂಗಾಮಿನ ಕೊನೆಯ ಮಹಾಪಂದ್ಯಗಳನ್ನೂ, ಗೆದ್ದಿತು. 1970ರ ಸೆಪ್ಟೆಂಬರ್ 3ರಂದು ಕರುಳಿನ ಕ್ಯಾನ್ಸರ್‌ನಿಂದ ಸಾವು. ಇವತ್ತಿಗೂ ಸೂಪರ್ ಬೌಲ್ ಗೆದ್ದವರು ಎತ್ತಿ ಹಿಡಿಯುವ ಬೆಳ್ಳಿಯ ಟ್ರೋಫಿಗೆ ಆತನದೇ ಹೆಸರು.

ಆಟದ ಬಗ್ಗೆಯೂ ಎರಡು ಮಾತು ಸಾಕು. ಹನ್ನೊಂದು ಜನರ ತಂಡದಲ್ಲಿ ಏಳು ಮಂದಿ ಮುಂದಿನ ಸಾಲಿನಲ್ಲಿ ಬಗ್ಗಿ ನಿಲ್ಲುತ್ತಾರೆ. ನಡುವೆ ಸೆಂಟರ್, ಅವನ ಎಡಬಲಕ್ಕೆ ಇಬ್ಬರು ಗಾರ್ಡ್‌ಗಳು. ಚೆಂಡು ಗಾರ್ಡ್‌ನ ಕೈಗೆ ಬರುವುದೇ ಇಲ್ಲ. ಎದುರಾಳಿಯನ್ನು ತಡೆದು ಚೆಂಡು ಹಿಡಿದವನಿಗೆ ದಾರಿ ಮಾಡಿಕೊಡುವುದಷ್ಟೇ ಅವನ ಕೆಲಸ. ನಮ್ಮ ಕಬಡ್ಡಿಯಲ್ಲಿ ಸರಪಳಿ ಕಟ್ಟಿ ನಿಂತವರ ಹಾಗೆ. ಪತ್ರಿಕೆಯಲ್ಲಿ ಹೆಸರು ಬರುವುದು ದಾಳಿ ಮಾಡಿದವನದು. ಲೊಂಬಾರ್ಡಿ ಫೋರ್ಡಮ್‌ನ ಬಲ ಗಾರ್ಡ್. ಐದಡಿ ಎಂಟಂಗುಲ ಎತ್ತರ, ಸುಮಾರು 180 ಪೌಂಡ್ ತೂಕ. ಆ ಜಾಗಕ್ಕೆ ಕುಳ್ಳ ಆಳು. 1936ರ ಆ ಏಳು ಜನರ ಸಾಲಿಗೆ 'ಏಳು ಗ್ರಾನೈಟ್ ಕಲ್ಲುಗಳು' ಎಂಬ ಹೆಸರು ಅಂಟಿತು. ಅದನ್ನು ಊರೂರಿಗೆ ಹಬ್ಬಿಸಿದವನು ವಿಶ್ವವಿದ್ಯಾಲಯದ ಪ್ರಚಾರಾಧಿಕಾರಿ ಟಿಮ್ ಕೊಹೇನ್. ಪಿಟ್ಸ್‌ಬರ್ಗ್ ಎದುರಿನ ಪಂದ್ಯದಲ್ಲಿ ಲೊಂಬಾರ್ಡಿಯ ಬಾಯೊಳಗೆ ಸೀಳಿ ಹಲ್ಲುಗಳು ಮುರಿದವು. ಹೊರಗೆ ಕುಳಿತವನನ್ನು ಕೊನೆಗೆ ಗೋಲಿನ ಗೆರೆ ಕಾಯಲು ಮತ್ತೆ ಕರೆದರು. ಪಂದ್ಯ 0–0. ಫೋರ್ಡಮ್ ಮತ್ತು ಪಿಟ್ಸ್‌ಬರ್ಗ್ 1935, 1936, 1937 ಮೂರೂ ವರ್ಷ 0–0ಯಲ್ಲೇ ಮುಗಿಸಿದವು. ಈ ಪಿಟ್ಸ್‌ಬರ್ಗ್ ತಂಡವನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಇನ್ನು ನನ್ನ ತಕರಾರಿಗೆ ಬರುತ್ತೇನೆ. ಲೊಂಬಾರ್ಡಿಯನ್ನು ಲೊಂಬಾರ್ಡಿ ಮಾಡಿದ್ದು ಯಾವುದು? ಈ ಪ್ರಶ್ನೆಗೆ ಎರಡು ಪ್ರಬಲ ಪಕ್ಷಗಳಿವೆ. ಒಂದು ವೆಸ್ಟ್ ಪಾಯಿಂಟ್ ಪಕ್ಷ. ಅಲ್ಲಿ 1949ರಿಂದ ಐದು ಹಂಗಾಮು ಮುಖ್ಯ ಕೋಚ್ ಕರ್ನಲ್ ಅರ್ಲ್ 'ರೆಡ್' ಬ್ಲೇಕ್‌ನ ಕೈಕೆಳಗೆ ದುಡಿದದ್ದರಿಂದಲೇ ಆತ ಕೋಚ್ ಆದ ಎಂಬುದು ಇವರ ವಾದ. ಇನ್ನೊಂದು ಜೆಸ್ಯೂಟ್ ಪಕ್ಷ. ದಿನನಿತ್ಯದ ಪೂಜೆ, ಫೋರ್ಡಮ್‌ನ ನೀತಿಶಾಸ್ತ್ರದ ತರಗತಿ, ಕರ್ತವ್ಯದ ಕಲ್ಪನೆ, ಇವೇ ಮೂಲ ಎಂದು ಇವರು ಹೇಳುತ್ತಾರೆ. 1999ರಲ್ಲಿ ಬಂದ ಡೇವಿಡ್ ಮರಾನಿಸ್‌ನ ದೊಡ್ಡ ಜೀವನಚರಿತ್ರೆ ಎರಡಕ್ಕೂ ಜಾಗ ಕೊಡುತ್ತದೆ, ಜೆಸ್ಯೂಟರ ಕಡೆಗೆ ಕೊಂಚ ಹೆಚ್ಚೇ ವಾಲುತ್ತದೆ. ಅಷ್ಟು ಶ್ರದ್ಧೆಯ ಪುಸ್ತಕದ ಮುಂದೆ ನಿಂತು ಭಿನ್ನಮತ ಹೇಳಲು ಸಂಕೋಚವಿದೆ. ಆದರೂ ಹೇಳಬೇಕು. ನನ್ನ ಮಟ್ಟಿಗೆ ಈ ಮನುಷ್ಯ ತಯಾರಾದದ್ದು ನ್ಯೂಜೆರ್ಸಿಯ ಎಂಗಲ್‌ವುಡ್ ಊರಿನ ಸೇಂಟ್ ಸಿಸಿಲಿಯಾ ಹೈಸ್ಕೂಲಿನ ಕರಿಹಲಗೆಯ ಮುಂದೆ.

1939ರಲ್ಲಿ ಆತ ಅಲ್ಲಿಗೆ ಹೋದದ್ದು ಸಹಾಯಕ ಕೋಚ್ ಆಗಿ. ಕರೆದವನು ಫೋರ್ಡಮ್‌ನಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿಯ ಸೂತ್ರಧಾರ, ಆಗಿದ್ದ ಗೆಳೆಯ ಆಂಡಿ ಪಲಾವು. ಅವನಿಗಿಂತ ಮೊದಲು ಅಲ್ಲಿ ಕೋಚ್ ಆಗಿದ್ದವನು ಅದೇ ಗ್ರಾನೈಟ್ ಸಾಲಿನ ಎಡ ಗಾರ್ಡ್ ನ್ಯಾಟ್ ಪಿಯರ್ಸ್. ಸಂಬಳ ವರ್ಷಕ್ಕೆ 1,000 ಡಾಲರಿಗೂ ಕಡಿಮೆ. ಆ ಸಂಬಳಕ್ಕೆ ಕೋಚಿಂಗ್ ಜೊತೆಗೆ ಮೂರು ವಿಷಯದ ಪಾಠ: ಲ್ಯಾಟಿನ್, ರಸಾಯನಶಾಸ್ತ್ರ, ಭೌತಶಾಸ್ತ್ರ. ಲ್ಯಾಟಿನ್ ಗುರುಮಠದ ಶಾಲೆಯಿಂದ ಬಂದಿತ್ತು ಅನ್ನೋಣ. ಉಳಿದೆರಡು? ಕಾಲೇಜಿನಲ್ಲಿ ಓದಿದ್ದು ವ್ಯಾಪಾರ ವಿಷಯ. ಹಾಗಾದರೆ ಈ ಮೇಷ್ಟ್ರು ಭೌತಶಾಸ್ತ್ರವನ್ನು ಮೊದಲು ತಾನೇ ಬಿಡಿಸಿಕೊಂಡು, ಆಮೇಲೆ ಮಕ್ಕಳಿಗೆ ಬಿಡಿಸಿ ಹೇಳಿರಬೇಕು. ತನಗೆ ಸಲೀಸಾಗಿ ಬಾರದ್ದನ್ನು ಕಲಿಸುವವನಿಗೆ ಮಗು ಎಲ್ಲಿ ಎಡವುತ್ತದೆಂದು ಗೊತ್ತಿರುತ್ತದೆ. ಇದನ್ನು ಈ ಸಭೆಯಲ್ಲಿರುವ ಮೇಷ್ಟ್ರುಗಳಿಗೆ ನಾನು ವಿವರಿಸಬೇಕಾಗಿಲ್ಲ. ತರಗತಿಯಲ್ಲಿ ತೀರ ಹಿಂದುಳಿದವನಿಗೆ ಅರ್ಥವಾಗುವವರೆಗೆ ಆತ ಮುಂದಿನ ಪಾಠಕ್ಕೆ ಹೋಗುತ್ತಿರಲಿಲ್ಲ ಎಂಬ ಮಾತು ಆ ಶಾಲೆಯ ಕಾಲದಿಂದಲೂ ಪ್ರಚಲಿತ. 1942ರಲ್ಲಿ ಪಲಾವು ಹೊರಟಾಗ ಮುಖ್ಯ ಕೋಚ್ ಆದ, ಪಾಠ ಬಿಡಲಿಲ್ಲ. ಬ್ಯಾಸ್ಕೆಟ್‌ಬಾಲೂ ಆತನದೇ ಹೊಣೆ. ಹೀಗೆ 1947ರವರೆಗೆ, ಎಂಟು ವರ್ಷ.

ವೆಸ್ಟ್ ಪಾಯಿಂಟ್ ಪಕ್ಷದವರ ದೊಡ್ಡ ಅಸ್ತ್ರ ಲೊಂಬಾರ್ಡಿಯ ಸ್ವಂತ ಸಾಕ್ಷ್ಯ. ಬ್ಲೇಕ್‌ನಿಂದ ತಾನು ಕಲಿತದ್ದು ಅಪಾರ ಎಂದು ಆತ ಜೀವನದುದ್ದಕ್ಕೂ ಹೇಳಿದ. ಒಪ್ಪುತ್ತೇನೆ. ಕಲಿತದ್ದು ಏನು ಎಂದು ಕೇಳಿದರೆ ಉತ್ತರ ಸ್ಪಷ್ಟ: ಪಂದ್ಯದ ಫಿಲಂಗಳನ್ನು ಕಂತು ಕಂತಾಗಿ ನೋಡುವ ಅಭ್ಯಾಸ, ದಿನಚರಿಯ ಬಿಗಿ, ಅನಗತ್ಯವನ್ನು ಕತ್ತರಿಸುವ ಕ್ರಮ. (ಆ ಫಿಲಂಗಳನ್ನು ನ್ಯೂಯಾರ್ಕಿನ ವಾಲ್ಡಾರ್ಫ್ ಹೋಟೆಲಿನಲ್ಲಿದ್ದ ಜನರಲ್ ಮ್ಯಾಕಾರ್ಥರ್‌ಗೆ ಹೊತ್ತುಕೊಂಡು ಹೋಗಿ ತೋರಿಸುವ ಕೆಲಸವೂ ಆತನ ಪಾಲಿಗೆ ಬಂದಿತ್ತು.) ಇವೆಲ್ಲ ಆಡಳಿತದ ಗುಣಗಳು. ಕಲಿಸುವ ಕೈ ಅಷ್ಟರಲ್ಲಿ ಪಳಗಿಯಾಗಿತ್ತು. ಬ್ಲೇಕ್‌ನ ಕೋಣೆಯ ಬಾಗಿಲು ತಟ್ಟಿದಾಗ ಲೊಂಬಾರ್ಡಿಗೆ ಮೂವತ್ತೈದು ವರ್ಷ. ಸಿಸಿಲಿಯಾದ ಎಂಟು, ಫೋರ್ಡಮ್‌ನಲ್ಲಿ ಹೊಸ ಹುಡುಗರನ್ನು ಪಳಗಿಸಿದ ಕಾಲ ಸೇರಿ ಹತ್ತಿರ ಹತ್ತು ವರ್ಷದ ಮೇಷ್ಟ್ರಗಿರಿ ಬೆನ್ನಿಗಿತ್ತು. ಮೂವತ್ತೈದಕ್ಕೆ ಮೊದಲಿನದೆಲ್ಲ ಪೀಠಿಕೆ, ನಂತರದ ಐದೇ ವರ್ಷ ಗ್ರಂಥ ಎನ್ನುವ ಲೆಕ್ಕ ನನಗಂತೂ ಅರ್ಥವಾಗಿಲ್ಲ. ಸೈನ್ಯದ ಶಿಸ್ತೇ ಎಲ್ಲಕ್ಕೂ ಮೂಲ ಎನ್ನುವವರು 1951ನ್ನೂ ನೆನೆಯಬೇಕು. ಆ ವರ್ಷ ಪರೀಕ್ಷೆಯ ನಕಲು ಪ್ರಕರಣದಲ್ಲಿ ಸುಮಾರು 90 ಕೆಡೆಟ್‌ಗಳು ಅಕಾಡೆಮಿಯಿಂದ ಹೊರಬಿದ್ದರು. ಅವರಲ್ಲಿ ಫುಟ್‌ಬಾಲ್ ಆಟಗಾರರು ಅನೇಕ. ಬ್ಲೇಕ್‌ನ ಸ್ವಂತ ಮಗನೂ ಒಬ್ಬ. ಉಳಿದ ಹಸಿ ಹುಡುಗರನ್ನು ಕಟ್ಟಿಕೊಂಡು ಅ ಆ ಇ ಈಯಿಂದ ಶುರುಮಾಡಬೇಕಾದಾಗ ಲೊಂಬಾರ್ಡಿಯ ಕೈಹಿಡಿದದ್ದು ಹೈಸ್ಕೂಲಿನ ಅನುಭವವೇ ಇರಬೇಕು ಎಂಬುದು ನನ್ನ ಊಹೆ, ಊಹೆಯೆಂದೇ ಮುಂದಿಡುತ್ತೇನೆ.

ಜೆಸ್ಯೂಟ್ ಪಕ್ಷಕ್ಕೆ ಉತ್ತರ ಇನ್ನೂ ಸುಲಭ. ಫೋರ್ಡಮ್‌ನ ಪಾಠ ಏಳು ಕಲ್ಲುಗಳಿಗೂ ಸಿಕ್ಕಿತ್ತು. ನೂರಾರು ಹುಡುಗರು ಅದೇ ಬೆಂಚುಗಳ ಮೇಲೆ ಕುಳಿತು ಎದ್ದು ಹೋದರು. ಎಲ್ಲರಿಗೂ ಸಮಾನವಾದ ಕಾರಣದಿಂದ ಒಬ್ಬನ ವಿಶೇಷವನ್ನು ವಿವರಿಸಲಾಗದು. 'ಸಿಸಿಲಿಯಾದಲ್ಲಿ ಪಿಯರ್ಸ್ ಕೂಡ ಇದ್ದನಲ್ಲ' ಎಂದು ಯಾರಾದರೂ ಎದ್ದು ಕೇಳುವ ಮೊದಲೇ ಹೇಳುತ್ತೇನೆ: ಇದ್ದ, ಆದರೆ ಬೇಗ ಫೋರ್ಡಮ್‌ಗೆ ಮರಳಿದ. ನನ್ನ ವಾದದಲ್ಲಿ ತೂಕವಿರುವುದು ಎಂಟು ಎಂಬ ಸಂಖ್ಯೆಗೆ.

ವಾದ ಸಾಕು, ಒಂದು ವಸ್ತುವನ್ನೇ ನೋಡೋಣ. ಲೊಂಬಾರ್ಡಿ ಕರಿಹಲಗೆಯ ಮುಂದೆ ನಿಂತು ಪ್ಯಾಕರ್ಸ್ ಸ್ವೀಪ್ ಎಂಬ ದಾಳಿಯ ಪಟ್ಟನ್ನು ವಿವರಿಸುವ ಹಳೆಯ ಚಿತ್ರತುಣುಕೊಂದಿದೆ. ಕೈಯಲ್ಲಿ ಸುಣ್ಣದ ಕಡ್ಡಿ. ಇಲ್ಲೊಂದು ತಡೆ, ಅಲ್ಲೊಂದು ತಡೆ ಎಂದು ಎರಡು ಗೀಟು ಎಳೆದು, ನಡುವೆ ಉಳಿದ ಓಣಿಯಲ್ಲಿ ಓಡಬೇಕೆಂದು ಬಾಣ ಹಾಕುತ್ತಾನೆ. ನೋಡಿದ ಯಾರಿಗೂ ಇದು ಹೈಸ್ಕೂಲಿನ ಪ್ರಯೋಗದ ಪಾಠವೆಂದು ಹೊಳೆಯದೆ ಇರದು. ಆ ಸ್ವೀಪ್‌ನ ಜೀವಾಳ ಇಬ್ಬರು ಗಾರ್ಡ್‌ಗಳು, ಜೆರ್ರಿ ಕ್ರೇಮರ್ ಮತ್ತು ಫಜ್ಜಿ ಥರ್ಸ್ಟನ್. ಚೆಂಡು ಹಿಂದಕ್ಕೆ ಬಂದ ಕ್ಷಣ ಅವರು ಎದುರಿನವನನ್ನು ಬಿಟ್ಟು ಹಿಂದೆ ಸರಿದು, ಸಾಲಿಗೆ ಸಮಾನಾಂತರವಾಗಿ ಹೊರಗಂಚಿಗೆ ಓಡುತ್ತಾರೆ. ಅವರ ಹಿಂದೆ ಓಟಗಾರ ಪಾಲ್ ಹಾರ್ನಂಗ್ ಚೆಂಡಿನೊಡನೆ. ಸಾಲಿನ ತುದಿಯಲ್ಲಿರುವ ಟೈಟ್ ಎಂಡ್ ಎಂಬ ಆಟಗಾರನಿಗೆ, ಎದುರಿನ ರಕ್ಷಣೆಯ ಲೈನ್‌ಬ್ಯಾಕರ್‌ನನ್ನು ಇಂಥ ಕಡೆಗೇ ನೂಕಬೇಕೆಂಬ ಹಟವಿಲ್ಲ. ಅವನು ಎತ್ತ ಹೋಗಲು ಹವಣಿಸುತ್ತಾನೋ ಅತ್ತಲೇ ತಳ್ಳಿಬಿಡಬೇಕು. ಅದನ್ನು ನೋಡಿ ಗಾರ್ಡ್ ತಿರುಗುತ್ತಾನೆ, ಗಾರ್ಡ್‌ನನ್ನು ನೋಡಿ ಓಟಗಾರ ಒಳಗೋ ಹೊರಗೋ ಬೆಳಕು ಕಂಡ ಕಡೆ ನುಗ್ಗುತ್ತಾನೆ.

ಇಲ್ಲಿ ಎರಡು ಅಂಶ ಗಮನಿಸಿ. ಈ ಸ್ವೀಪ್‌ನ ಬೀಜ ಕೋಚ್ ಜಾಕ್ ಸದರ್ಲೆಂಡ್‌ನ ಪಿಟ್ಸ್‌ಬರ್ಗ್ ತಂಡದ್ದು. 0–0ಯ ಪಂದ್ಯಗಳಲ್ಲಿ ಬಲ ಗಾರ್ಡ್ ಆಗಿ ಲೊಂಬಾರ್ಡಿ ತಡೆಯಬೇಕಾಗಿದ್ದ ದಾಳಿ. ಪೆಟ್ಟು ತಿಂದವನಿಗೆ ಪೆಟ್ಟಿನ ರಚನೆ ಕಂಠಪಾಠ. ಎರಡನೆಯದು, ಅಷ್ಟು ಬಿಗಿ ಅಭ್ಯಾಸದ ಕೊನೆಯಲ್ಲಿ ನಿರ್ಧಾರವನ್ನು ಆಟಗಾರನ ಕಣ್ಣಿಗೆ ಬಿಟ್ಟದ್ದು. ಕವಾಯತಿನಲ್ಲಿ ಇದಕ್ಕೆ ಜಾಗವಿಲ್ಲ. ಸೂತ್ರ ಕಲಿಸಿ ಲೆಕ್ಕವನ್ನು ಹುಡುಗನಿಗೇ ಬಿಡುವುದು ಮೇಷ್ಟ್ರ ಕ್ರಮ. ಲೊಂಬಾರ್ಡಿ ಒಮ್ಮೆ ಈ ಒಂದೇ ಸ್ವೀಪ್‌ನ ಬಗ್ಗೆ ಎಂಟು ಗಂಟೆ ಮಾತಾಡಿದ್ದನ್ನು, ಆಗ ಯುವ ಕೋಚ್ ಆಗಿ ಕೇಳುತ್ತ ಕುಳಿತಿದ್ದ ಜಾನ್ ಮ್ಯಾಡನ್ ಮುಂದೆ ಬಹಳ ಸಲ ಹೇಳಿಕೊಂಡಿದ್ದಾನೆ. ನನಗೆ ಇವತ್ತು ಸಂಘಟಕರು ಅಷ್ಟು ಕಾಲ ಕೊಟ್ಟಿಲ್ಲ, ನಿಮ್ಮ ಪುಣ್ಯ.

1960ರ ಅಂತಿಮ ಪಂದ್ಯದಲ್ಲಿ ಪ್ಯಾಕರ್ಸ್ ಫಿಲಡೆಲ್ಫಿಯಾಕ್ಕೆ 17–13ರಿಂದ ಸೋತರು. ಮರುವರ್ಷದ ಶಿಬಿರದ ಮೊದಲ ದಿನ ಆ ನುರಿತ ವೃತ್ತಿಪರರ ಮುಂದೆ ಚೆಂಡೊಂದನ್ನು ಎತ್ತಿ ಹಿಡಿದು, ಫುಟ್‌ಬಾಲ್ ಅಂದರೆ ಇದು ಎಂದು ಪಾಠ ಶುರುಮಾಡಿದ ಕಥೆ ಪ್ರಸಿದ್ಧ. ಸ್ವಲ್ಪ ನಿಧಾನ, ಇಷ್ಟು ವೇಗವಾಗಿ ಹೋದರೆ ಹೇಗೆ ಎಂದು ಆಟಗಾರ ಮ್ಯಾಕ್ಸ್ ಮೆಗೀ ಹಿಂದಿನ ಬೆಂಚಿನ ಹುಡುಗನಂತೆ ಕೀಟಲೆ ಮಾಡಿದನಂತೆ. ಇದನ್ನು ಸೇನಾಪತಿಯ ಗತ್ತು ಎಂದು ಬರೆಯುವವರಿದ್ದಾರೆ. ಜೂನ್ ತಿಂಗಳಲ್ಲಿ ಶಾಲೆ ತೆರೆದ ದಿನದ ಮೊದಲ ಪೀರಿಯಡ್ ಕಂಡವರು ಹಾಗೆ ಬರೆಯಲಾರರು.

ಆತನ ಸಿಟ್ಟು ಸುಳ್ಳಲ್ಲ, ಕಿರುಚುತ್ತಿದ್ದ, ಅವಮಾನಿಸುತ್ತಿದ್ದ. ಇದನ್ನು ಗುಣವೆಂದು ಹಾಡುವವರ ಜೊತೆ ನನಗೆ ಮಾತಿಲ್ಲ. ಆದರೆ 1956ರಲ್ಲಿ ಹೊಸ ಆಟಗಾರರ ಆಯ್ಕೆಯ 17ನೆಯ ಸುತ್ತಿನಲ್ಲಿ ಆಯ್ಕೆಯಾಗಿ ಬಂದ ಮಿತಭಾಷಿ ಕ್ವಾರ್ಟರ್‌ಬ್ಯಾಕ್ ಬಾರ್ಟ್ ಸ್ಟಾರ್, ಬೈಯುವುದಿದ್ದರೆ ಕೋಣೆಯಲ್ಲಿ ಬೈಯಿರಿ, ತಂಡದ ಮುಂದೆ ಬೈದರೆ ನಾನು ಅವರನ್ನು ನಡೆಸುವುದು ಹೇಗೆ ಎಂಬರ್ಥದಲ್ಲಿ ಕೇಳಿದಾಗ ಲೊಂಬಾರ್ಡಿ ಒಪ್ಪಿಕೊಂಡ, ಮಾತಿಗೆ ತಪ್ಪಲಿಲ್ಲ. 1967ರ ಡಿಸೆಂಬರ್ 31ರಂದು ಹಿಮಗಟ್ಟಿದ ಮೈದಾನದಲ್ಲಿ ಡಲ್ಲಾಸ್ ವಿರುದ್ಧ ಕೊನೆಯ ಕ್ಷಣಗಳಲ್ಲಿ ಚೆಂಡನ್ನು ತಾನೇ ಹಿಡಿದು ಗೆರೆ ದಾಟಿದವನು ಅದೇ ಸ್ಟಾರ್. ದಾರಿ ಮಾಡಿಕೊಟ್ಟವರಲ್ಲಿ ಮುಂದಾಳು ಬಲ ಗಾರ್ಡ್ ಕ್ರೇಮರ್. 21–17.

ಗೆಲುವೊಂದೇ ಮುಖ್ಯ, ಉಳಿದದ್ದೆಲ್ಲ ನಗಣ್ಯ ಎಂಬರ್ಥದ ಒಂದು ಘೋಷಣೆ ಲೊಂಬಾರ್ಡಿಯ ಹೆಸರಿನಲ್ಲಿ ಚಲಾವಣೆಯಲ್ಲಿದೆ. ಬೆಂಗಳೂರಿನ ಕಂಪನಿಗಳ ತರಬೇತಿ ಸ್ಲೈಡುಗಳ ಮೇಲೂ ಕಂಡಿದ್ದೇನೆ. ಮಾತು ಆತನದಲ್ಲ. ಅದು ರೆಡ್ ಸ್ಯಾಂಡರ್ಸ್ ಎಂಬ ಕೋಚ್‌ನದು. 1953ರ ಜಾನ್ ವೇಯ್ನ್ ಸಿನಿಮಾವೊಂದರಲ್ಲೂ ಬರುತ್ತದೆ. ಆಗ ಲೊಂಬಾರ್ಡಿ ವೆಸ್ಟ್ ಪಾಯಿಂಟ್‌ನ ಸಹಾಯಕ. ಎಂದೂ ಹೇಳಲಿಲ್ಲ ಎಂದು ಭಕ್ತರು ವಾದಿಸುವುದೂ ತಪ್ಪು, ಆತನೂ ಅದನ್ನು ಬಳಸಿದ. ತಾನು ಉದ್ದೇಶಿಸಿದ್ದು ಗೆಲ್ಲಲು ಪಡುವ ಶ್ರಮವನ್ನು ಎಂದು ಆಮೇಲೆ ತಿದ್ದಿಕೊಂಡ. ಒಂದು ಎರವಲು ವಾಕ್ಯಕ್ಕೆ ಎಂಟು ವರ್ಷದ ಪಾಠವನ್ನು ಅಡವಿಟ್ಟ ಮ್ಯಾನೇಜ್‌ಮೆಂಟ್ ಸಾಹಿತ್ಯದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವ ಇಚ್ಛೆ ನನಗಿಲ್ಲ.

ನಮ್ಮಲ್ಲಿಗೆ ಆಧುನಿಕ ದೈಹಿಕ ಶಿಕ್ಷಣ ಬಂದ ದಾರಿಗಳಲ್ಲಿ ಮುಖ್ಯವಾದದ್ದೊಂದು ಅಮೆರಿಕದಿಂದಲೇ ಬಂದದ್ದು. 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಕಟ್ಟಿದ ಹ್ಯಾರಿ ಕ್ರೋ ಬಕ್ ಅಮೆರಿಕದವನು. ಆದರೆ ಕಾಲಕ್ರಮದಲ್ಲಿ ನಾವು ಡ್ರಿಲ್ ಮೇಷ್ಟ್ರನ್ನು ಸ್ಟಾಫ್ ರೂಮಿನ ಮೂಲೆಗೆ ಕೂರಿಸಿದೆವು. ಪಾಠದ ಮೇಷ್ಟ್ರು ಮೈದಾನಕ್ಕೆ ಬರುವುದನ್ನು ನಿಲ್ಲಿಸಿದರು. ಈ ದತ್ತಿಯ ಹಿರಿಯರಂಥವರು ಎರಡೂ ಕಡೆ ಕಾಲಿಟ್ಟವರು. ಅವರಂಥ ಎಷ್ಟೋ ಮಂದಿಯ ಬಗ್ಗೆ ಒಂದು ಪುಟವೂ ಬರೆದಿಟ್ಟಿಲ್ಲ. ಆದ್ದರಿಂದ ಸಂಘಟಕರಲ್ಲಿ ಮತ್ತು ಕುಟುಂಬದವರಲ್ಲಿ ನನ್ನದೊಂದು ಕೋರಿಕೆ: ಮೇಷ್ಟ್ರ ಪಾಠದ ಟಿಪ್ಪಣಿ ಪುಸ್ತಕಗಳು, ತಂಡದ ಪಟ್ಟಿಗಳು, ಶಾಲೆಯ ವಾರ್ಷಿಕ ಸಂಚಿಕೆಗಳು ಯಾರ ಮನೆಯ ಅಟ್ಟದಲ್ಲಿದ್ದರೂ ಇಳಿಸಿ ಈ ಸಂಸ್ಥೆಯ ಗ್ರಂಥಾಲಯಕ್ಕೆ ಕೊಡಿ. ಅವರ ಶಿಷ್ಯರು ಬದುಕಿರುವಾಗಲೇ ಅವರ ಮಾತನ್ನು ದಾಖಲಿಸುವ ಕೆಲಸವನ್ನು ಮುಂದಿನ ವರ್ಷದ ಉಪನ್ಯಾಸಕ್ಕಿಂತ ಮೊದಲು ಶುರುಮಾಡಿ.