ಬಣ್ಣ ನೋಡಬ್ಯಾಡ್ರಿ, ಬೋರ್ಡ್ ನೋಡ್ರಿ

ಇವತ್ತು ಫಿಶಿಂಗ್ ಬಗ್ಗೆ ಮಾತಾಡೂಣು. ಫಿಶಿಂಗ್ ಅಂದ್ರ ಗಾಳ ಹಾಕೂದು. ಗಾಳಕ್ಕ ಸಿಕ್ಕಿಸೂದು ಎರೆಹುಳ ಅಲ್ಲ, ಒಂದು ಇ-ಮೇಲ್ ಅಥವಾ ಮೆಸೇಜ್, ಅಷ್ಟ.

‘ಇದೆಲ್ಲಾ ಎಲ್ಲೋ ದೂರದಾಗ ಕುಂತು ಮಾಡ್ತಾರ’ ಅಂತ ಬಹಳ ಮಂದಿ ತಿಳಕೊಂಡಾರ. 2025ರ ನವೆಂಬರ್‌ನಲ್ಲಿ ನಮ್ಮ ಬೆಳಗಾವಿಯ ಆಜಂ ನಗರದಲ್ಲೇ ಪೊಲೀಸರು ಒಂದು ಕಾಲ್ ಸೆಂಟರ್ ಮೇಲೆ ದಾಳಿ ಮಾಡಿ 33 ಮಂದಿಯನ್ನು ಬಂಧಿಸಿದರು. ಪೊಲೀಸರು ಹೇಳಿದ ಪ್ರಕಾರ ಅಲ್ಲಿಂದ ಗಾಳ ಬೀಳ್ತಿದ್ದದ್ದು ಅಮೆರಿಕದ ಜನರಿಗೆ. ನೀವು ಮಾಡದೇ ಇರೋ ಅಮೆಜಾನ್ ಆರ್ಡರ್ ಬಗ್ಗೆ ಒಂದು ಸಂದೇಶ ಬರ್ತದ, ಅದರಾಗ ಒಂದು ಫೋನ್ ನಂಬರ್ ಇರ್ತದ. ಗಾಬರಿಯಾಗಿ ಫೋನ್ ಮಾಡಿದ್ರ ಎತ್ತೋರು ಇವರೇ! ಗಮನಿಸ್ರಿ, ಇದರಾಗ ಲಿಂಕ್ ಒತ್ತೋ ಮಾತೇ ಇಲ್ಲ. ‘ಲಿಂಕ್ ಒತ್ತಬ್ಯಾಡ್ರಿ’ ಅಂತ ಅಷ್ಟೇ ಕಲಿಸಿದ್ರ ಸಾಲಂಗಿಲ್ಲ ಅಂತ ನಾನು ಹೇಳೂದು ಇದಕ್ಕ. ಮೇಲ್‌ನಾಗ ಕೊಟ್ಟ ನಂಬರೂ ಗಾಳನ.

ಅದೇ ವರ್ಷದ ಮಾರ್ಚ್‌ನಲ್ಲಿ ಖಾನಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ವಯಸ್ಸಾದ ದಂಪತಿಗೆ ‘ನಿಮ್ಮ ಹೆಸರಿನ ಸಿಮ್ ದುರ್ಬಳಕೆ ಆಗೇದ’ ಅಂತ ಪೊಲೀಸರ ಹೆಸರಿನಾಗ ಫೋನ್ ಬಂತು. 50 ಲಕ್ಷ ರೂಪಾಯಿಗೂ ಹೆಚ್ಚು ಹಣ ಹೋಯ್ತು. ಕೊನೆಗೆ ಇಬ್ಬರೂ ಜೀವ ಕಳಕೊಂಡರು. ಅದು ಇ-ಮೇಲ್ ಅಲ್ಲ, ಖರೇ. ಆದ್ರ ಹೂಡಿದ ಹೆದರಿಕೆ ಒಂದೇ. ಕಾನೂನಿನಲ್ಲಿ ‘ಡಿಜಿಟಲ್ ಅರೆಸ್ಟ್’ ಅನ್ನೋದೇ ಇಲ್ಲ. ‘ಯಾರಿಗೂ ಹೇಳಬ್ಯಾಡ್ರಿ, ಈಗಿಂದೀಗ ಮಾಡ್ರಿ’ ಅಂತ ಯಾರಾದ್ರೂ ಅಂದ್ರ ಅಲ್ಲೇ ನಿಲ್ರಿ, ಮನಿಯವರಿಗೆ ಹೇಳ್ರಿ.

ಈಗ ಫೋನ್ ಕೈಯಾಗ ತಗೋರಿ. ಜಿಮೇಲ್ ಆ್ಯಪ್‌ನಾಗ ಒಂದು ಮೇಲ್ ತೆಗೀರಿ. ಕಳಿಸಿದವರ ಹೆಸರು ಕಾಣ್ತದಲ್ಲ, ಆ ಹೆಸರು ಯಾರು ಬೇಕಾದ್ರೂ ಏನು ಬೇಕಾದ್ರೂ ಇಟ್ಕೋಬಹುದು. ಅದರ ಕೆಳಗ ಒತ್ತಿದ್ರ ಪೂರ್ತಿ ವಿಳಾಸ ಬರ್ತದ. ಬಸ್ ಸ್ಟ್ಯಾಂಡಿನಾಗ ಖಾನಾಪುರದ ಬಸ್ ಹತ್ತಬೇಕಾದ್ರ ಬಸ್ಸಿನ ಬಣ್ಣ ನೋಡ್ತೀರೋ, ಬೋರ್ಡ್ ನೋಡ್ತೀರೋ? ಇದೂ ಹಂಗ.

ಲಿಂಕ್ ಇದ್ರ ಅದನ್ನು ಒತ್ತದೆ ಬೆರಳು ಹಿಡಿದು ಇಡ್ರಿ, ವಿಳಾಸ ಕಾಣ್ತದ. ‘https://’ ಬಿಟ್ಟು ಆಮ್ಯಾಲೆ ಮೊದಲ ಸ್ಲ್ಯಾಶ್ ಬರೋ ಮುಂಚೆ ಕೊನೆಗೆ ಏನೈತಿ, ಅದೇ ನಿಜವಾದ ಊರು. ಮುಂದಗಡೆ ಬ್ಯಾಂಕಿನ ಹೆಸರು ಹತ್ತು ಸಲ ಬರೆದಿದ್ರೂ ಲೆಕ್ಕಕ್ಕಿಲ್ಲ. ನಮ್ಮ ಬ್ಯಾಂಕುಗಳ ವೆಬ್‌ಸೈಟ್‌ಗಳು 2025ರ ಅಕ್ಟೋಬರ್ 31ರ ಒಳಗ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಆ ವಿಳಾಸ ಬ್ಯಾಂಕುಗಳಿಗಷ್ಟೇ ಸಿಗೋದು. ಸ್ಕಾಲರ್‌ಶಿಪ್ ಅಂತ ಮೇಲ್ ಬಂದ್ರ? ನಮ್ಮ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಅಂತ ಮುಗೀತದ. ಬ್ಯಾರೆ ಏನರ ಕಂಡ್ರ ಅರ್ಜಿ ತುಂಬಬ್ಯಾಡ್ರಿ, ಪೋರ್ಟಲ್ಲಿಗೆ ನೀವೇ ಟೈಪ್ ಮಾಡಿ ಹೋಗ್ರಿ.

ಸ್ಪೆಲ್ಲಿಂಗ್ ತಪ್ಪು ಹುಡುಕ್ರಿ ಅನ್ನೋ ಹಳೇ ಸಲಹೆ ಬಿಟ್ಟುಬಿಡ್ರಿ. ಈಗ ಎಐ ಬರೆದುಕೊಡ್ತದ, ನಮ್ಮ ಕನ್ನಡಕ್ಕಿಂತ ಚೊಕ್ಕ!

ದುಡ್ಡು ಹೋದ್ರ ನಾಚಿಕೊಂಡು ಕೂಡಬ್ಯಾಡ್ರಿ, ತಕ್ಷಣ 1930ಕ್ಕೆ ಫೋನ್ ಮಾಡ್ರಿ. ಹಣ ಇನ್ನೂ ಒಂದು ಖಾತೆಯಿಂದ ಮತ್ತೊಂದಕ್ಕ ಓಡ್ತಿರುವಾಗಲೇ ತಡೆಯೋ ಅವಕಾಶ ಇರ್ತದ. ಬಂದ ಮೆಸೇಜ್ ಡಿಲೀಟ್ ಮಾಡಬ್ಯಾಡ್ರಿ. ಸ್ಕ್ರೀನ್‌ಶಾಟ್ ಮತ್ತು ವ್ಯವಹಾರದ ನಂಬರ್ ಕೈಯಾಗಿರಲಿ. ಮನಿಯಾಗ ಅಜ್ಜನಿಗೋ ಅವ್ವನಿಗೋ ಹಿಂಗ ಆದ್ರ ಬೈಯೂದು ಆಮ್ಯಾಲೆ, ಮೊದಲು ನಂಬರ್ ಒತ್ರಿ.