ಹೊಟ್ಟೆ ಚಿಕ್ಕದಾದ ಮೇಲೆ ಏನು ಕುಡಿಯೋದು? ಒಂದು ಲೋಟದ ಲೆಕ್ಕ

ಮೆಟ್ರೋದಲ್ಲಿ ನಿಂತ್ಕೊಂಡು ಕೇಳ್ತಿರೋರಿಗೂ, ಮನೇಲಿ ಕಾಫಿ ಹಿಡ್ಕೊಂಡು ಇದನ್ನ ಓದ್ತಿರೋರಿಗೂ ಸ್ವಾಗತ. ಇವತ್ತಿನ ವಿಷಯ ತೂಕ ಇಳಿಸೋ ಸರ್ಜರಿ. ಮಾಡಿಸ್ಬೇಕಾ ಬೇಡ್ವಾ ಅನ್ನೋ ಚರ್ಚೆ ಅಲ್ಲ. ಮಾಡಿಸ್ಕೊಂಡ ಮೇಲೆ ಏನು ಕುಡಿಯಬೇಕು, ಹೇಗೆ ಕುಡಿಯಬೇಕು ಅನ್ನೋದು. ಊಟದ ಬಗ್ಗೆ ಎಲ್ಲರೂ ವಿಚಾರಿಸ್ತಾರೆ, ಕುಡಿಯೋದರ ಬಗ್ಗೆ ಯಾರೂ ಕೇಳಲ್ಲ. ಆದ್ರೆ ಮೊದಲ ತೊಂದರೆ ಬರೋದು ಹೆಚ್ಚಾಗಿ ಅಲ್ಲಿಂದಲೇ.

ನಾನು ಡಾಕ್ಟರ್ ಅಲ್ಲ, ಬಿಕಾಂ ಓದಿದವಳು. ಹತ್ತು ತಿಂಗಳ ಹಿಂದೆ ನಮ್ಮಣ್ಣನಿಗೆ ಗ್ಯಾಸ್ಟ್ರಿಕ್ ಬೈಪಾಸ್ ಆಯ್ತು. ಅವನು ಮನೆಗೆ ಬಂದ ದಿನದಿಂದ, ಕುಡಿದದ್ದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡೋ ಕೆಲಸ ನಂದು. ಆ ಲೆಕ್ಕದ ಪುಸ್ತಕ ಮತ್ತು ಡಯಟೀಷಿಯನ್ ಹೇಳಿಕೊಟ್ಟ ಪಾಠ, ಎರಡನ್ನೂ ಸೇರಿಸಿ ಮಾತಾಡ್ತೀನಿ.

ಮೊದಲು ಜಾಗದ ಲೆಕ್ಕ. ಸ್ಲೀವ್ ಅನ್ನೋ ಸರ್ಜರಿಯಲ್ಲಿ ಹೊಟ್ಟೆಯ ಚೀಲದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ತೆಗೆದುಹಾಕ್ತಾರೆ, ಉಳಿಯೋದು ಬಾಳೆಕಾಯಿ ಆಕಾರದ ಒಂದು ಕೊಳವೆ. ಬೈಪಾಸ್‌ನಲ್ಲಿ ಮೇಲ್ಭಾಗದಲ್ಲಿ ಸುಮಾರು 30 ಎಂ.ಎಲ್. ಹಿಡಿಯೋ ಪುಟ್ಟ ಚೀಲ ಮಾಡಿ, ಅದನ್ನ ನೇರವಾಗಿ ಸಣ್ಣ ಕರುಳಿಗೆ ಜೋಡಿಸ್ತಾರೆ. ನಮ್ಮ ಮನೆಯ ಸ್ಟೀಲ್ ಲೋಟಕ್ಕೆ 200 ಎಂ.ಎಲ್. ಹಿಡಿಯುತ್ತೆ. ಅಂದ್ರೆ ಆ ಲೋಟವನ್ನ ಮೊದಲಿನ ಹಾಗೆ ಗಟಗಟ ಅಂತ ಎತ್ತೋ ಕಾಲ ಮುಗೀತು.

ಆದ್ರೆ ದೇಹಕ್ಕೆ ಬೇಕಾದ ನೀರು ಕಡಿಮೆ ಆಗಲ್ಲ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಒಳಗೆ ಹೋಗ್ಲೇಬೇಕು. ಇಲ್ಲಿ ನನ್ನ ಕಾಮರ್ಸ್ ಬುದ್ಧಿ ಉಪಯೋಗಕ್ಕೆ ಬಂತು. ಮ್ಯೂಚುವಲ್ ಫಂಡ್‌ನಲ್ಲಿ ಒಂದೇ ಸಲ ದೊಡ್ಡ ಮೊತ್ತ ಹಾಕೋಕಾಗದವರು ಏನ್ ಮಾಡ್ತಾರೆ? ಸಿಪ್. ಇಲ್ಲೂ ಅದೇ ಸಿಪ್! ಎಚ್ಚರವಾಗಿರೋ 15 ಗಂಟೆಗೆ ಒಂದೂವರೆ ಲೀಟರ್ ಅಂದ್ರೆ ಗಂಟೆಗೆ 100 ಎಂ.ಎಲ್., ಕಾಲು ಗಂಟೆಗೆ 25. ಎರಡು ಗುಟುಕು, ಫೋನ್‌ನಲ್ಲಿ ಅಲಾರಂ, ಮತ್ತೆ ಎರಡು ಗುಟುಕು. ಕಂತು ತಪ್ಪಿದ್ರೆ ಸಂಜೆ ಒಟ್ಟಿಗೆ ಕಟ್ಟೋಕಾಗಲ್ಲ, ವಾಂತಿ ಬರುತ್ತೆ.

ಈ ಕಂತು ತಪ್ಪಿದ್ರೆ ಏನಾಗುತ್ತೆ ಅನ್ನೋದನ್ನ ನಾವು ಹನ್ನೆರಡನೇ ದಿನ ನೋಡಿದ್ವಿ. ಅಣ್ಣನಿಗೆ ಸಪ್ಪೆ ನೀರು ಕುಡಿದ್ರೆ ಎದೆಯಲ್ಲಿ ಕಲ್ಲು ಕೂತ ಹಾಗೆ ಆಗ್ತಿತ್ತು. ನೋಟ್‌ಬುಕ್‌ನಲ್ಲಿ ಮೂರು ದಿನದ ಮೊತ್ತ 620, 540, 480. ಬೆಳಿಗ್ಗೆ ಏಳುವಾಗ ತಲೆ ಸುತ್ತು, ಬಾಯಿ ಒಣಗಿತ್ತು, ಮೂತ್ರ ಕಡು ಹಳದಿ. ಆಸ್ಪತ್ರೆಗೆ ಫೋನ್ ಮಾಡಿ ಆ ಮೂರು ಸಂಖ್ಯೆ ಓದಿದೆ. "ತಕ್ಷಣ ಕರ್ಕೊಂಡು ಬನ್ನಿ" ಅಂದ್ರು. ಅರ್ಧ ದಿನ ಡ್ರಿಪ್. ಈ ಸರ್ಜರಿ ಆದವರು ವಾಪಸ್ ಆಸ್ಪತ್ರೆ ಸೇರೋ ಸಾಮಾನ್ಯ ಕಾರಣಗಳಲ್ಲಿ ನಿರ್ಜಲೀಕರಣವೂ ಒಂದು ಅಂತ ನರ್ಸಮ್ಮ ಹೇಳಿದ್ರು. ಆಮೇಲೆ ಉಗುರು ಬೆಚ್ಚಗಿನ ಜೀರಿಗೆ ನೀರು ಶುರು ಮಾಡಿದ್ವಿ, ಅದು ಇಳೀತು.

ಹಾಗಾದ್ರೆ ನಮ್ಮ ಅಡುಗೆ ಮನೇಲಿ ಏನೇನು ಸರಿ ಹೋಗುತ್ತೆ? ಮೊದಲ ಒಂದೆರಡು ದಿನ ನೀರು, ಸೋಸಿದ ತಿಳಿ ಸೂಪ್ ಅಷ್ಟೆ. ಆಮೇಲೆ ಸುಮಾರು ಎರಡು ವಾರ ತೆಳುವಾದ ಮಜ್ಜಿಗೆ, ಕೆನೆ ತೆಗೆದ ಹಾಲು, ಸೋಸಿದ ತೆಳು ರಾಗಿ ಅಂಬಲಿ, ಪ್ರೋಟೀನ್ ಪುಡಿ. ಮಜ್ಜಿಗೆಗೆ ಹಸಿಮೆಣಸಿನಕಾಯಿ ಬೇಡ. ಬೈಪಾಸ್ ಆದ ಕೆಲವರಿಗೆ ಹಾಲು ಅರಗಲ್ಲ, ಹೊಟ್ಟೆ ಉಬ್ಬರಿಸಿದ್ರೆ ಡಯಟೀಷಿಯನ್‌ಗೆ ಹೇಳಿ. ಇನ್ನೊಂದು ಮಾತು: ಬೇಳೆ ಕಟ್ಟು ಕುಡಿದ್ರೆ ಪ್ರೋಟೀನ್ ಬಂತು ಅಂತ ಅಮ್ಮಂದಿರು ನಂಬ್ತಾರೆ. ಪ್ರೋಟೀನ್ ಇರೋದು ಬೇಳೆಯಲ್ಲಿ, ತಿಳಿನೀರಿನಲ್ಲಿ ತೀರಾ ಕಡಿಮೆ. ದಿನಕ್ಕೆ 60 ಗ್ರಾಂ ಆದ್ರೂ ಬೇಕು ಅಂತಾರೆ, ಅದಕ್ಕೇ ಆ ಪುಡಿ.

ಗಟ್ಟಿ ಊಟ ಶುರುವಾದ ಮೇಲೆ ಒಂದು ನಿಯಮ: ಊಟದ ಜೊತೆ ನೀರಿಲ್ಲ. ಊಟ ಆಗಿ ಅರ್ಧ ಗಂಟೆ ಬಿಟ್ಟು ಕುಡೀರಿ. ತಟ್ಟೆ ಪಕ್ಕ ಲೋಟ ಇಡೋದು ನಮ್ಮಲ್ಲಿ ಮರ್ಯಾದೆ, ಆದ್ರೆ ಇವರಿಗೆ ಅದನ್ನ ಇಡದೇ ಇರೋದೇ ಉಪಕಾರ.

ಈಗ ಸಿಹಿ. ಕೋಲಾದಲ್ಲಿ 100 ಎಂ.ಎಲ್‌.ಗೆ ಸುಮಾರು 10 ಗ್ರಾಂ ಸಕ್ಕರೆ ಇರುತ್ತೆ, ಮೇಲೆ ಗ್ಯಾಸ್ ಬೇರೆ. ಕಬ್ಬಿನ ಹಾಲು, ಪಾನಕ, ಪ್ಯಾಕೆಟ್ ಜ್ಯೂಸ್ ಕೂಡ ಅದೇ ಜಾತಿ. ಬೈಪಾಸ್ ಆದವರಲ್ಲಿ ಈ ಸಕ್ಕರೆ ಚೀಲದಲ್ಲಿ ನಿಲ್ಲದೆ ಸೀದಾ ಕರುಳಿಗೆ ಇಳಿಯುತ್ತೆ. ಅರ್ಧ ಗಂಟೆಯೊಳಗೆ ಎದೆ ಡವಡವ, ಬೆವರು, ಹೊಟ್ಟೆ ನುಲಿತ, ಭೇದಿ. ಇದಕ್ಕೆ ಡಂಪಿಂಗ್ ಅಂತಾರೆ. ಕೆಲವರಿಗೆ ಒಂದರಿಂದ ಮೂರು ಗಂಟೆ ಆದ್ಮೇಲೆ ಶುಗರ್ ಕುಸಿದು ಕೈ ನಡುಗುತ್ತೆ. "ಹಬ್ಬದ ದಿನ ಒಂದು ಲೋಟ ಗಸಗಸೆ ಪಾಯಸ ಕುಡಿಯಪ್ಪಾ" ಅಂತ ಬಲವಂತ ಮಾಡೋ ಅತ್ತೆಯಂದಿರು ದಯವಿಟ್ಟು ಕೇಳಿಸ್ಕೊಳ್ಳಿ.

ಎಳನೀರು? ಅದರಲ್ಲೂ ಸಕ್ಕರೆ ಇದೆ, ಪೊಟ್ಯಾಸಿಯಂ ಇದೆ. ಕಿಡ್ನಿ ತೊಂದರೆ ಇರೋರು, ಬಿಪಿ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳಿಯೇ ಕುಡೀಬೇಕು. ಓಆರ್‌ಎಸ್ ಬೇಕಾದ್ರೆ ಪೊಟ್ಟಣದ ಮೇಲೆ ಡಬ್ಲ್ಯೂಎಚ್‌ಒ ಸೂತ್ರ ಅಂತ ಇದೆಯಾ ನೋಡಿ. ಆ ಸೂತ್ರದಲ್ಲಿ ಲೀಟರ್‌ಗೆ 13.5 ಗ್ರಾಂ ಗ್ಲೂಕೋಸ್ ಮಾತ್ರ. ಹೆಸರಿನಲ್ಲಷ್ಟೇ ಓಆರ್‌ಎಸ್ ಇಟ್ಕೊಂಡು ಸಿಹಿ ಜ್ಯೂಸ್ ಮಾರೋದನ್ನ 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ನಿಷೇಧಿಸಿತು.

ಕಾಫಿ ಬಿಡೋಕಾಗಲ್ಲ ಅನ್ನೋರಿಗೆ: ಮೊದಲ ವಾರಗಳಲ್ಲಿ ಬೇಡ. ಡಾಕ್ಟರ್ ಒಪ್ಪಿದ ಮೇಲೆ ಬೈ-ಟು ಸಾಕು, ಸಕ್ಕರೆ ಇಲ್ಲದೆ. ಆದ್ರೆ ಕಬ್ಬಿಣದ ಮಾತ್ರೆಯನ್ನ ಕಾಫಿ, ಟೀ ಜೊತೆ ನುಂಗಬೇಡಿ, ಮೈಗೆ ಹತ್ತೋದಿಲ್ಲ. ಬೈಪಾಸ್ ಆದವರಲ್ಲಿ ಕಬ್ಬಿಣ ಮೊದಲೇ ಕಡಿಮೆ ಹೀರಿಕೊಳ್ಳುತ್ತೆ.

ಇನ್ನು ನಮ್ಮ ವಯಸ್ಸಿನವರು ಮೆಸೇಜ್‌ನಲ್ಲಿ ಮಾತ್ರ ಕೇಳೋ ಪ್ರಶ್ನೆ, ಎಣ್ಣೆ. ಬೈಪಾಸ್ ಆದ ದೇಹದಲ್ಲಿ ಮದ್ಯ ಬೇಗ ರಕ್ತಕ್ಕೆ ಸೇರುತ್ತೆ, ಜಾಸ್ತಿ ಏರುತ್ತೆ. ಮೊದಲು ಮೂರು ಪೆಗ್‌ಗೆ ಆಗ್ತಿದ್ದದ್ದು ಒಂದಕ್ಕೇ ಆಗಬಹುದು. ಗಾಡಿ ಓಡಿಸೋ ಮಾತೇ ಬೇಡ. ಅದಕ್ಕಿಂತ ದೊಡ್ಡ ಅಪಾಯ ಚಟ. 2012ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ ಸರ್ಜರಿಗೆ ಮುಂಚಿನ ವರ್ಷ ಶೇ 7.6ರಷ್ಟು ಜನರಿಗೆ ಕುಡಿತದ ಸಮಸ್ಯೆ ಇತ್ತು, ಎರಡನೇ ವರ್ಷಕ್ಕೆ ಅದು ಶೇ 9.6 ಆಯ್ತು. ಗಮನಿಸಿ, ಏರಿದ್ದು ಎರಡನೇ ವರ್ಷ. ಎಲ್ಲರೂ ಹೊಗಳ್ತಿರೋ, ಹೊಸ ಶರ್ಟ್ ಹಾಕ್ಕೊಂಡು ಪಾರ್ಟಿಗೆ ಹೋಗೋ ಕಾಲ ಅದು. ಹೋದ ತಿಂಗಳು ಗೆಳೆಯನ ಮದುವೆಯ ಹಿಂದಿನ ರಾತ್ರಿ "ಒಂದು ಬಿಯರ್ ಏನೂ ಆಗಲ್ಲ ಮಗಾ" ಅಂದವರಿಗೆ ಅಣ್ಣ ಹೇಳಿದ್ದಿಷ್ಟೆ: "ನಿನಗೆ ಒಂದು, ನನಗದು ಮೂರು ಕಣೋ." ಯಾರೂ ಮತ್ತೆ ಕೇಳಲಿಲ್ಲ.

ಕೊನೆಯದಾಗಿ, ಇದನ್ನ ದಯವಿಟ್ಟು ನೆನಪಿಡಿ. ವಾಂತಿ ನಿಲ್ಲದೆ ಎರಡು ಮೂರು ದಿನ ಹೋದ್ರೆ ಕಾಯಬೇಡಿ. ದೇಹದಲ್ಲಿ ಥಯಮಿನ್, ಅಂದ್ರೆ ವಿಟಮಿನ್ ಬಿ1 ಬೇಗ ಖಾಲಿಯಾಗುತ್ತೆ. ನಡಿಗೆ ತೂರಾಡೋದು, ಎರಡೆರಡು ಕಾಣೋದು, ಗಲಿಬಿಲಿ ಆಗೋದು ಅದರ ಲಕ್ಷಣ. ಆಗ ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದ್ರೆ ಮೆದುಳಿಗೆ ಹಾನಿ ಹೆಚ್ಚಾಗಬಹುದು. ಹತ್ತಿರದ ಕ್ಲಿನಿಕ್‌ನಲ್ಲಿ "ಬೈಪಾಸ್ ಆಗಿದೆ" ಅಂದ್ರೆ ಎಲ್ಲರೂ ಹಾರ್ಟ್ ಬೈಪಾಸ್ ಅಂದ್ಕೋತಾರೆ. "ತೂಕ ಇಳಿಸೋಕೆ ಹೊಟ್ಟೆಗೆ ಬೈಪಾಸ್ ಆಗಿದೆ" ಅಂತ ಪೂರ್ತಿ ಹೇಳಿ. ಡಿಸ್ಚಾರ್ಜ್ ಸಮ್ಮರಿಯ ಫೋಟೋ ನಿಮ್ಮ ಫೋನ್‌ನಲ್ಲೂ ಮನೆಯವರ ಫೋನ್‌ನಲ್ಲೂ ಇರಲಿ.

ನಿಮ್ಮ ಮನೇಲಿ, ಆಫೀಸ್‌ನಲ್ಲಿ ಈ ಸರ್ಜರಿ ಆದವರು ಇದ್ರೆ "ಎಷ್ಟು ಕೆಜಿ ಇಳೀತು?" ಅನ್ನೋದನ್ನ ಸ್ವಲ್ಪ ದಿನ ಬಿಡಿ. "ಇವತ್ತು ಎಷ್ಟು ನೀರು ಕುಡಿದ್ರಿ?" ಅಂತ ಕೇಳಿ. ಪ್ರಶ್ನೆಗಳಿದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.